ಗೊಬ್ಬರದ ಚೀಲದ ಡೇರೆ: ಒಂದು ಸಣ್ಣ ಇತಿಹಾಸ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಮ್ಮ ಶಾಲೆಯ ಸ್ಕೌಟ್ ಶಿಬಿರಗಳ ಬಗ್ಗೆ ಬರೆಯಲು ಸಮಿತಿಯವರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಗೊಬ್ಬರದ ಚೀಲ.

ಶಿಬಿರ ಹೂಡುವ ಹವ್ಯಾಸದ ಇತಿಹಾಸದಲ್ಲಿ ದರ್ಜಿಯ ಸೂಜಿಗೂ ಪಾಲಿದೆ. ಥಾಮಸ್ ಹೈರಮ್ ಹೋಲ್ಡಿಂಗ್ ಲಂಡನ್ನಿನ ದರ್ಜಿ. ಸೈಕಲ್ಲಿನಲ್ಲಿ ಒಯ್ಯುವಷ್ಟು ಹಗುರವಾದ ಡೇರೆಯನ್ನು ರೂಪಿಸಿದ ಅವರು 1901ರಲ್ಲಿ ಸೈಕಲ್ ಶಿಬಿರಾರ್ಥಿಗಳ ಸಂಘ ಕಟ್ಟಿದರು. 1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ನಡೆಸಿದರು. ಸಿರಿವಂತರ ಶಾಲೆಯವರೂ ದುಡಿಯುವ ಮನೆಗಳವರೂ ಅಲ್ಲಿ ಒಟ್ಟಿಗಿದ್ದರು. ಮರುವರ್ಷ ಬಂದ ಅವರ 'ಸ್ಕೌಟಿಂಗ್ ಫಾರ್ ಬಾಯ್ಸ್' ಪುಸ್ತಕವು ಒಣಹುಲ್ಲನ್ನು ಹಗ್ಗದಲ್ಲಿ ನೇಯ್ದು ಹಾಸಿಗೆ ಮಾಡುವುದನ್ನು, ಎರಡು ಕೋಲುಗಳನ್ನು ಕೋಟಿನ ತೋಳಿಗೆ ತೂರಿಸಿ ಗಾಯಾಳುವನ್ನು ಹೊರುವುದನ್ನು ಕಲಿಸುತ್ತದೆ. 1909ರಲ್ಲಿ ಸ್ಕೌಟಿಂಗ್ ಬೆಂಗಳೂರಿಗೆ ಬಂತು. ಮೊದಲಿಗೆ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಷ್ಟೇ ಇತ್ತು. ಬೇರೆ ಬೇರೆಯಾಗಿದ್ದ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು.

ನಮ್ಮ ಮಲೆನಾಡಿಗೆ ಈ ವಿದ್ಯೆ ಹೊಸದೇನಲ್ಲ. ಗದ್ದೆಗಿಳಿಯುವಾಗ ಕಂಬಳಿಕೊಪ್ಪೆ, ನೆಟ್ಟಿ ಮಾಡುವ ಹೆಂಗಸರ ಬೆನ್ನಿಗೆ ಗೊರಬು, ಊಟಕ್ಕೆ ಅಡಿಕೆ ಹಾಳೆ. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ಮಡಚಿ ತಲೆಗೆ ಹಾಕಿಕೊಂಡರೆ ಮಳೆಗೆ ಅದೇ ಕೊಪ್ಪೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, 2002ರಲ್ಲಿ, ಮೂರು ದಿನದ ಶಿಬಿರವಿತ್ತು. ಶಾಲೆಯಲ್ಲಿದ್ದದ್ದು ಒಂದೇ ಕ್ಯಾನ್ವಾಸ್ ಡೇರೆ. ನನ್ನ ಬೆಂಚಿನ ಗೆಳೆಯ "ನಾನು ಬರೋದಿಲ್ಲ ಮಾರಾಯ" ಎಂದುಬಿಟ್ಟ. ಅವನ ತಂದೆ ಕೂಲಿ ಮಾಡುತ್ತಿದ್ದರು. ಮರುದಿನ ನಮ್ಮ ಸ್ಕೌಟ್ ಮಾಸ್ತರರು, "ಶಿಬಿರಕ್ಕೆಂದು ಅಂಗಡಿಯಿಂದ ಏನನ್ನೂ ಕೊಳ್ಳಬಾರದು. ಮನೆಯಲ್ಲಿದ್ದದ್ದನ್ನೇ ತನ್ನಿ" ಎಂದರು. ಮಾವ ಕೊಡಿಸಿದ ಹೊಸ ಬ್ಯಾಗನ್ನು ಮನೆಯಲ್ಲೇ ಬಿಡಬೇಕಾಗಿ ಬಂದದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಆ ಮಾತು ಯಾರಿಗಾಗಿ ಎಂದು ಆಗ ಹೊಳೆಯಲಿಲ್ಲ.

ಗೆಳೆಯನೇ ನಮ್ಮ ಗುಂಪಿನ ಎಂಜಿನಿಯರ್. ಗೊಬ್ಬರದ ಚೀಲಗಳನ್ನು ಹಳ್ಳದಲ್ಲಿ ತೊಳೆದು, ಬಿಚ್ಚಿ, ದಬ್ಬಳದಿಂದ ಹೊಲಿದ. ಪ್ಲಾಸ್ಟಿಕ್ ಹಾಳೆಗೆ ತೂತು ಮಾಡಿದರೆ ಗಾಳಿಗೆ ಅಲ್ಲಿಂದಲೇ ಹರಿಯುತ್ತದೆ. ಅದಕ್ಕೆ ಅವನು ಮೂಲೆಯಲ್ಲಿ ದುಂಡನೆಯ ಕಲ್ಲಿಟ್ಟು, ಹಾಳೆಯನ್ನು ಅದರ ಸುತ್ತ ಮುದುಡಿ, ಕುತ್ತಿಗೆಗೆ ಹಗ್ಗ ಬಿಗಿದ. ಎರಡು ಗೋಣಿಚೀಲಕ್ಕೆ ಹುಲ್ಲು ತುಂಬಿದೆವು, ಹಾಸಿಗೆಯಾಯಿತು. ಎಣ್ಣೆ ಡಬ್ಬದ ಬುಡದಲ್ಲಿ ಕಿಟಕಿ ಕೊರೆದು, ಮೇಲೆ ಸುತ್ತ ತೂತು ಹೊಡೆದೆವು. ಕೆಳಗಿನಿಂದ ಗಾಳಿ ಎಳೆದು ಒಲೆ ಚೆನ್ನಾಗಿ ಉರಿಯಿತು.

ಎರಡನೇ ರಾತ್ರಿ ಮಳೆ ಸುರಿಯಿತು. ಕ್ಯಾನ್ವಾಸ್ ಡೇರೆ ಸೋರತೊಡಗಿತು. ಅಕ್ಕಿ, ಬೇಳೆ, ಇಬ್ಬರು ಚಿಕ್ಕ ಹುಡುಗರು, ಕಡೆಗೆ ಮಾಸ್ತರರೂ ನಮ್ಮ ಗೊಬ್ಬರದ ಚೀಲದಡಿ ಸೇರಿದರು.

ಆ ಶಿಬಿರದ ಒಂದು ಫೋಟೋ ಶಾಲೆಯ ಆಫೀಸಿನಲ್ಲಿದೆ. ಕ್ಯಾನ್ವಾಸ್ ಡೇರೆಯ ಮುಂದೆ ಸಮವಸ್ತ್ರದಲ್ಲಿ ನಿಂತಿದ್ದೇವೆ. ನಾನು ಮುಂದಿನ ಸಾಲಿನಲ್ಲಿದ್ದೇನೆ. ಸಮವಸ್ತ್ರವಿಲ್ಲದ ಗೆಳೆಯ ಅದರಲ್ಲಿಲ್ಲ. ಬಾ ಎಂದು ನಾನೂ ಕರೆಯಲಿಲ್ಲ. ಎಸ್ಸೆಸ್ಸೆಲ್ಸಿ ನಂತರ ಅವನ ಓದು ನಿಂತಿತು. ನಾನು ಬಿ.ಇ. ಮುಗಿಸಿ ಬೆಂಗಳೂರು ಸೇರಿದೆ. ಈಗ ಚಾರಣಕ್ಕೆ ಕೊಂಡ ಡೇರೆಯನ್ನೇ ಒಯ್ಯುತ್ತೇನೆ. ಮೂಲೆಯ ರಿಂಗ್ ಕಿತ್ತುಹೋದಾಗ ಮಾತ್ರ ದುಂಡನೆಯ ಕಲ್ಲು ಹುಡುಕುತ್ತೇನೆ.

ಶಾಲೆಯ ಇತಿಹಾಸವನ್ನು ಫೋಟೋ ನೋಡಿ ಬರೆದರೆ ಅವನ ಡೇರೆ ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಬರೆದಿದ್ದೇನೆ. ಮಹೋತ್ಸವದ ದಿನ ಅವನನ್ನು ಕರೆದುಕೊಂಡು ಬರುತ್ತೇನೆ. ಈ ಸಲದ ಗ್ರೂಪ್ ಫೋಟೋದಲ್ಲಿ ಅವನು ಮುಂದಿನ ಸಾಲಿನಲ್ಲಿರಲಿ.