ಉಡಿಯಲ್ಲಿ ಹಾಕಿದರೆ ಮುಗೀತಾ? ಕಿತ್ತೂರಿನಿಂದ ಕಮಲಾಪುರದವರೆಗೆ ದತ್ತಕದ ಕತೆ

ಮಕ್ಕಳಿಲ್ಲದ ಅಣ್ಣನಿಗೆ ತಮ್ಮನ ಮಗನನ್ನು ಕೊಡುವುದು ಕಮಲಾಪುರ ಕಡೆಗೆ ಹೊಸದಲ್ಲ. ಹಿರಿಯರು ಕೂಡುತ್ತಾರೆ, ಮಗುವನ್ನು ಉಡಿಯಲ್ಲಿ ಹಾಕುತ್ತಾರೆ, ಊಟವಾಗುತ್ತದೆ. ಕಾಗದದ ಮಾತು ಏಳುವುದು ಇಪ್ಪತ್ತು ವರ್ಷದ ಮೇಲೆ, ಪಹಣಿಯಲ್ಲಿ ಹೆಸರು ಏರಿಸುವಾಗ.

ದತ್ತಕವನ್ನು ಸರ್ಕಾರ ಒಪ್ಪದಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ 1824ರಲ್ಲೇ ಕಂಡಿದೆ. ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಸಾಯುವ ಮುಂಚೆ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತಕ ತೆಗೆದುಕೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತಳು, ಕೊನೆಗೆ ಸಂಸ್ಥಾನ ಹೋಯಿತು. ಮೈಸೂರಿನಲ್ಲಿ ಬೇರೆಯಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮೊಮ್ಮಗ ಚಾಮರಾಜೇಂದ್ರನನ್ನೇ ದತ್ತಕ ತೆಗೆದುಕೊಂಡರು. ಬ್ರಿಟಿಷರು ಒಪ್ಪಿದರು, 1881ರಲ್ಲಿ ರಾಜ್ಯ ಅವರ ಕೈಗೆ ಬಂತು.

ನಿಜಾಮರ ಹೈದರಾಬಾದಿನಲ್ಲಿದ್ದ ಕಲಬುರಗಿ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಡಿಸೆಂಬರ್‌ನಲ್ಲಿ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂತು. ಅಲ್ಲಿಯವರೆಗೆ ದತ್ತಕವೆಂದರೆ ಸಾಮಾನ್ಯವಾಗಿ ಗಂಡುಮಗು ಮಾತ್ರ. ಈ ಕಾಯ್ದೆ ಹೆಣ್ಣುಮಗುವಿಗೂ ದಾರಿ ತೆರೆಯಿತು, ವಿಧವೆ ತಾನೇ ದತ್ತಕ ತೆಗೆದುಕೊಳ್ಳಬಹುದು ಎಂದಿತು.

ಷರತ್ತುಗಳೂ ಇವೆ. ಮಗುವಿಗೆ 15 ವರ್ಷ ತುಂಬಿರಬಾರದು, ಮದುವೆಯಾಗಿರಬಾರದು. ಇವೆರಡಕ್ಕೆ ರೂಢಿಯ ವಿನಾಯಿತಿ ಉಂಟು. ಗಂಡುಮಗನಿರುವವರು ಇನ್ನೊಬ್ಬ ಮಗನನ್ನು ತೆಗೆದುಕೊಳ್ಳುವಂತಿಲ್ಲ. ಹೆತ್ತ ತಾಯಿ ತಂದೆ ಇಬ್ಬರೂ ಒಪ್ಪಬೇಕು. ಹಣ ಕೊಡುವುದು, ಪಡೆಯುವುದು ಅಪರಾಧ. ಒಮ್ಮೆ ಸರಿಯಾಗಿ ಆದ ದತ್ತಕವನ್ನು ಯಾರೂ ರದ್ದು ಮಾಡಲಾಗದು.

ಮಗುವನ್ನು ಕೈಯಾರೆ ಕೊಡುವುದು, ತೆಗೆದುಕೊಳ್ಳುವುದು ನಡೆಯಲೇಬೇಕು. ಬರೀ ಬಾಂಡ್ ಪೇಪರ್ ಸಾಲದು. ನೋಂದಣಿ ಕಡ್ಡಾಯವಲ್ಲ. ಆದರೆ ಎರಡೂ ಕಡೆಯವರ ಸಹಿಯಿರುವ ನೋಂದಾಯಿತ ಪತ್ರವಿದ್ದರೆ ಕೋರ್ಟ್ ಅದನ್ನು ಸರಿಯೆಂದೇ ಹಿಡಿಯುತ್ತದೆ. ಸುಳ್ಳು ಎನ್ನುವವರೇ ಸಾಬೀತು ಮಾಡಬೇಕು.

ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೂ 2015ರ ಬಾಲನ್ಯಾಯ ಕಾಯ್ದೆಯಲ್ಲಿ ದಾರಿಯಿದೆ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ, ಅಜ್ಜ ಅಜ್ಜಿ ಅರ್ಜಿ ಹಾಕಬಹುದು. 2022ರ ಸೆಪ್ಟೆಂಬರ್‌ನಿಂದ ಇದರ ಆದೇಶ ಕೊಡುವವರು ಜಿಲ್ಲಾಧಿಕಾರಿ. ಕಮಲಾಪುರದವರಿಗೆ ಆ ಕಚೇರಿ ಕಲಬುರಗಿ ನಗರದಲ್ಲೇ ಇದೆ.

ಪತ್ರವಿಲ್ಲದಿದ್ದರೆ ನಷ್ಟ ಮಗುವಿಗೇ. ಹೆತ್ತ ಮನೆಯಲ್ಲಿ ಅಣ್ಣತಮ್ಮಂದಿರ ಪಾಲು ಮುಗಿದಿರುತ್ತದೆ, ಸಾಕಿದ ಮನೆಯ ಹೊಲಕ್ಕೆ ದಾಯಾದಿಗಳು ತಕರಾರು ಹಾಕಿರುತ್ತಾರೆ. ಹಿರಿಯರು ಬದುಕಿರುವಾಗ, ಉಡಿ ತುಂಬಿದ ವಾರದಲ್ಲೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿಬನ್ನಿ.