ಮುದ್ದೇನಹಳ್ಳಿಯ ಹಂಬಲ ಮತ್ತು ನಮ್ಮ ಎಂಜಿನ್

ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ಮೇಲೆ, 1930ರ ದಶಕದಲ್ಲಿ, ಯುರೋಪ್ ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಭಾರತದಲ್ಲೂ ಅಂಥದೊಂದನ್ನು ಕಟ್ಟುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯುವ ಮಾತೂ ನಡೆಯಿತು, ಆದರೆ ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. 1944ರಲ್ಲಿ ವಾಲ್‌ಚಂದ್ ಮುಂಬೈಯಲ್ಲಿ ಪ್ರೀಮಿಯರ್ ಕಾರು ಕಂಪನಿ ಆರಂಭಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಕಾರುಗಳು ಇಲ್ಲೇ ತಯಾರಾದವು, ಎಂಜಿನ್‌ನ ವಿನ್ಯಾಸ ಮಾತ್ರ ಹೊರಗಿನದು. ಅಂಬಾಸಡರ್‌ನ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿಎಂಸಿಯದು, ಸುಮಾರು 50 ಅಶ್ವಶಕ್ತಿ (ಎಚ್‌ಪಿ). ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ ಇಟಲಿಯ ಫಿಯಟ್‌ನದು, 40ರ ಆಸುಪಾಸು. ಪೈಪೋಟಿಯಿಲ್ಲದ ಕಾರಣ ದಶಕಗಳವರೆಗೆ ಇವು ಹೆಚ್ಚು ಬದಲಾಗಲೇ ಇಲ್ಲ. 1983ರ ಕೊನೆಯಲ್ಲಿ ಬಂದ ಮಾರುತಿ 800ರ ಸುಜುಕಿ ಎಂಜಿನ್‌ಗೆ ಮೂರೇ ಸಿಲಿಂಡರ್, 796 ಸಿಸಿ. ಅಂಬಾಸಡರ್‌ನ ಅರ್ಧದಷ್ಟು ಗಾತ್ರದಲ್ಲಿ ಅದು ಮುಕ್ಕಾಲು ಪಾಲು ಶಕ್ತಿ ಕೊಟ್ಟಿತು. ನಾವೆಷ್ಟು ಹಿಂದುಳಿದಿದ್ದೆವು ಎಂಬುದು ಆಗ ತಿಳಿಯಿತು.

ತಿರುವು ಕೊಟ್ಟದ್ದು 1998ರ ಟಾಟಾ ಇಂಡಿಕಾ. ಅದರ 1405 ಸಿಸಿ ಡೀಸೆಲ್ ಎಂಜಿನ್ ಟಾಟಾದವರದೇ. ಅದಕ್ಕಿಂತಲೂ ನನಗೆ ಮೆಚ್ಚುಗೆಯಾದದ್ದು 2005ರ ಟಾಟಾ ಏಸ್. ಕಾರಲ್ಲ ನಿಜ, ಆದರೆ ಅದರಲ್ಲಿರುವುದು ಕಾರಿನದೇ ಎಂಜಿನ್‌ನ ಅರ್ಧ: ಇಂಡಿಕಾದ ನಾಲ್ಕು ಸಿಲಿಂಡರ್‌ಗಳಲ್ಲಿ ಎರಡನ್ನು ಉಳಿಸಿಕೊಂಡು ಮಾಡಿದ 702 ಸಿಸಿ, ಬರೀ 16 ಎಚ್‌ಪಿ. ಚಿಂತಾಮಣಿಯ ಮಂಡಿಗೆ ಟೊಮೆಟೊ ಕ್ರೇಟು, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತೊಯ್ಯಲು ಅಷ್ಟೇ ಸಾಕಾಯಿತು. ಬೇಕಾದಷ್ಟನ್ನೇ ಅಗ್ಗವಾಗಿ, ಹಳ್ಳಿಯ ಮೆಕ್ಯಾನಿಕ್ ಬಿಚ್ಚಿ ಕಟ್ಟುವಂತೆ ಮಾಡುವುದೂ ದೊಡ್ಡ ಎಂಜಿನಿಯರಿಂಗ್.

ಶಕ್ತಿಯಷ್ಟೇ ಮುಖ್ಯವಾದದ್ದು ಬಾಳಿಕೆ. ಬಿಡದಿಯಲ್ಲಿ ತಯಾರಾದ ಟೊಯೊಟಾ ಇನ್ನೋವಾದ ಹಳೆಯ 2.5 ಲೀಟರ್ ಡೀಸೆಲ್ ಕೊಡುತ್ತಿದ್ದದ್ದು ಸುಮಾರು 102 ಎಚ್‌ಪಿ. ಮಹೀಂದ್ರ ತನ್ನ 2.2 ಲೀಟರ್ ಎಂಹಾಕ್ ಡೀಸೆಲ್ ಎಂಜಿನ್‌ನಿಂದ, ಆಸ್ಟ್ರಿಯದ ಎವಿಎಲ್ ಸಂಸ್ಥೆಯ ನೆರವು ಪಡೆದು, 120 ತೆಗೆಯಿತು. ಅಂಕಿಯಲ್ಲಿ ನಮ್ಮದೇ ಮೇಲು. ಆದರೂ ಟ್ಯಾಕ್ಸಿಯವರು ಇನ್ನೋವಾವನ್ನೇ ನೆಚ್ಚಿದರು. ದೊಡ್ಡ ಎಂಜಿನ್‌ನಿಂದ ಮಿತವಾಗಿ ದುಡಿಸಿಕೊಂಡರೆ ಸವೆತ ಕಡಿಮೆ, ಬಾಳಿಕೆ ಹೆಚ್ಚು.

ಇಂದು ಟಾಟಾ ನೆಕ್ಸಾನ್‌ನ 1.2 ಲೀಟರ್ ಟರ್ಬೊ ಪೆಟ್ರೋಲ್ ಸುಮಾರು 120 ಎಚ್‌ಪಿ ಕೊಡುತ್ತದೆ, ಅಂದರೆ ಲೀಟರಿಗೆ 100. ಅಂಬಾಸಡರ್‌ನಲ್ಲಿ ಅದು 34ರ ಹತ್ತಿರ ಇತ್ತು. ಶಕ್ತಿಯ ಅಂತರ ಮುಚ್ಚಿದೆ. ಇನ್ನು ನಮ್ಮ ಕಂಪನಿಗಳು ಗೆಲ್ಲಬೇಕಾದದ್ದು ಬಾಳಿಕೆಯಲ್ಲಿ.

ಕಾರು ಕೊಳ್ಳುವವರಿಗೊಂದು ಮಾತು. ನಂದಿಬೆಟ್ಟದ ತುದಿ 1478 ಮೀಟರ್ ಎತ್ತರ. ಸಮುದ್ರಮಟ್ಟಕ್ಕೆ ಹೋಲಿಸಿದರೆ ಅಲ್ಲಿ ಗಾಳಿ ಸುಮಾರು ಏಳನೇ ಒಂದು ಪಾಲು ತೆಳು. ಟರ್ಬೊ ಇಲ್ಲದ 80 ಎಚ್‌ಪಿ ಎಂಜಿನ್ ಅಲ್ಲಿ 70ರ ಹತ್ತಿರಕ್ಕೆ ಇಳಿಯುತ್ತದೆ. ಆದ್ದರಿಂದ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಏರು ಹತ್ತಿಸಿ ನೋಡಿ. ಕಡಿಮೆ ಆರ್‌ಪಿಎಂನಲ್ಲಿ ಟಾರ್ಕ್ (ತಿರುಗಿಸುವ ಬಲ) ಎಷ್ಟೆಂದು ಕೇಳಿ, ಆಮೇಲೆ ಮುಂಗಡ ಕೊಡಿ.