ಎಥನಾಲ್

ಯೀಸ್ಟ್ ಸಕ್ಕರೆಯನ್ನು ಹುದುಗಿಸಿದಾಗ ಹುಟ್ಟುವ, ಬೇಗ ಹೊತ್ತಿಕೊಳ್ಳುವ ಮದ್ಯಸಾರ; ಕುದಿಬಿಂದು ಸುಮಾರು 78 ಡಿಗ್ರಿ ಸೆಲ್ಸಿಯಸ್. ಬೆಳಗಾವಿ, ಬಾಗಲಕೋಟೆ ಸೀಮೆಯ ಸಕ್ಕರೆ ಕಾರ್ಖಾನೆಗಳು ಇದನ್ನು ಕಾಕಂಬಿ, ಕಬ್ಬಿನಹಾಲಿನಿಂದ ತಯಾರಿಸುತ್ತವೆ. ಮೆಕ್ಕೆಜೋಳವಾದರೆ ಪಿಷ್ಟವನ್ನು ಮೊದಲು ಕಿಣ್ವಗಳಿಂದ ಸಕ್ಕರೆಯಾಗಿಸಬೇಕು. ಎಷ್ಟು ಬಟ್ಟಿ ಇಳಿಸಿದರೂ ಶೇ 4ರಷ್ಟು ನೀರು ಉಳಿದೇ ಉಳಿಯುತ್ತದೆ. ಇಂಧನಕ್ಕಾಗಿ ಅದನ್ನೂ ಹೀರಿ ತೆಗೆಯುತ್ತಾರೆ.

ಔಷಧ, ಸ್ಯಾನಿಟೈಸರ್‌ಗಳಿಗೂ ಬೇಕಾದ ಈ ದ್ರವವೇ ಹೆಂಡದ ಅಮಲು. ಮನೆಗಳನ್ನು ಹಾಳುಮಾಡಿದ ಸಾರಾಯಿಯನ್ನು ಕರ್ನಾಟಕ 2007ರಲ್ಲಿ ನಿಷೇಧಿಸಿತು. ಇನ್ನು ಇಂಧನವಾಗಿ, ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಬೆರೆಸುವ ಗುರಿಯನ್ನು ಕೇಂದ್ರ 2030ರ ಬದಲು 2025–26ಕ್ಕೇ ನಿಗದಿಪಡಿಸಿತು. ಲೀಟರಿಗೆ ಎಥನಾಲಿನ ಶಾಖ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಈ ಮಿಶ್ರಣದಿಂದ ಮೈಲೇಜ್ ಕುಸಿಯುತ್ತದೆಂಬ ದೂರು ಪೂರ್ತಿ ಸುಳ್ಳಲ್ಲ.

ಅಜ್ಜಂಪುರ ತಾಲ್ಲೂಕಿನಂಥ ಮೆಕ್ಕೆಜೋಳದ ಸೀಮೆಗೂ ಎಥನಾಲಿನ ನಂಟಿದೆ: 2025ರಲ್ಲಿ ಮೆಕ್ಕೆಜೋಳದ ದರ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆಗಿಂತ ಕುಸಿದಾಗ, ಡಿಸ್ಟಿಲರಿಗಳು ರೈತರಿಂದ ಖರೀದಿಸಲಿ ಎಂಬ ಬೇಡಿಕೆ ರಾಜ್ಯದಲ್ಲೆದ್ದಿತು.